ಬಾಡಿಗೆ ಮನೆಗೂ ಒಂದು ನಕ್ಷತ್ರ ಬೇಡವೆ?

ಸಿಂಧನೂರಿನ ನಮ್ಮ ಮನೆಯ ಮೇಲೆ ಹಲವು ವರ್ಷಗಳ ಹಿಂದೆ ಎರಡು ಕೊಠಡಿಗಳನ್ನೂ ಒಂದು ಅಡುಗೆಮನೆಯನ್ನೂ ಕಟ್ಟಿಸಿ ಬಾಡಿಗೆಗೆ ಕೊಟ್ಟೆವು. ನೆಲಕ್ಕೆ ಹೊಳೆಯುವ ಬಿಲ್ಲೆ ಹಾಕಿಸಿದೆವು, ಗೋಡೆಗಳಿಗೆ ಒಳ್ಳೆಯ ಬಣ್ಣ ಬಳಿಸಿದೆವು, ನೀರಿಗೆ ಪ್ರತ್ಯೇಕ ತೊಟ್ಟಿಯನ್ನೂ ಇರಿಸಿದೆವು. ಇರಲು ಬಂದವರಿಗೆ ಯಾವ ಕೊರತೆಯೂ ಆಗಲಾರದೆಂದು ನಂಬಿದ್ದೆವು. ಆದರೆ ಒಂದು ಸಂಗತಿ ನಮ್ಮ ಗಮನಕ್ಕೆ ಬರಲು ಬಹುಕಾಲ ಹಿಡಿಯಿತು. ಬಂದ ಕುಟುಂಬಗಳಲ್ಲಿ ಒಂದಾದರೂ ಅಲ್ಲಿ ಎರಡನೆಯ ಬೇಸಿಗೆಯನ್ನು ಕಳೆದಿರಲಿಲ್ಲ. ಒಬ್ಬರು ವರ್ಗವಾಯಿತೆಂದರು, ಇನ್ನೊಬ್ಬರು ಮಕ್ಕಳ ಶಾಲೆ ದೂರವೆಂದರು. ಬಾಡಿಗೆ ಹೆಚ್ಚಾಯಿತೇನೋ ಎಂದು ನಾವು ತಿಳಿದೆವು.

ಕಡೆಗೆ ನಿಜವನ್ನು ಹೇಳಿದವರು ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು. ಬೀಗದ ಕೈ ಹಿಂದಿರುಗಿಸಲು ಬಂದಾಗ, ಮನೆ ಚೆನ್ನಾಗಿದೆ, ಆದರೆ ರಾತ್ರಿ ಹತ್ತರ ನಂತರವೂ ಚಾವಣಿ ಕಾದ ಹಂಚಿನಂತಿರುತ್ತದೆ, ಕೂಸು ಮಲಗುವುದಿಲ್ಲ, ಎರಡು ಫ್ಯಾನುಗಳು ಹಗಲಿರುಳು ತಿರುಗಿದರೂ ಬೀಸುವುದು ಬಿಸಿಗಾಳಿಯೇ ಎಂದರು. ಹೊರಡುವಾಗ ನಗುತ್ತಲೇ ಇನ್ನೊಂದು ಮಾತನ್ನಾಡಿದರು: “ಫ್ರಿಜ್ಜನ್ನು ನಕ್ಷತ್ರ ಎಣಿಸಿ ಕೊಂಡೆವು. ಮನೆಗೂ ಒಂದು ನಕ್ಷತ್ರವಿದ್ದಿದ್ದರೆ ಅದನ್ನೂ ಎಣಿಸಿಯೇ ಬರುತ್ತಿದ್ದೆವು.”

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ನಮ್ಮ ಬಂಧುಗಳಲ್ಲಿ ಅನೇಕರು ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ನಾಲ್ಕಾರು ಕೊಠಡಿಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟವರು. ಅದಕ್ಕಿಂತ ಹೆಚ್ಚಿನವರು ನೌಕರಿಗಾಗಿ, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಬಾಡಿಗೆ ಮನೆಗಳಲ್ಲಿರುವವರು. ಇಬ್ಬರಿಗೂ ಉಪಯೋಗವಾದೀತೆಂದು ಈ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸಲಕರಣೆಗಳ ನಕ್ಷತ್ರವೆಂದರೇನೆಂಬುದನ್ನು ತಿಳಿಯೋಣ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಮೇರೆಗೆ ಕೇಂದ್ರ ಸರ್ಕಾರವು 2002ರ ಮಾರ್ಚ್ ತಿಂಗಳಿನಲ್ಲಿ ಇಂಧನ ದಕ್ಷತಾ ಬ್ಯೂರೋ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. 2006ರಲ್ಲಿ ಆ ಸಂಸ್ಥೆಯು ವಿದ್ಯುತ್ ಸಲಕರಣೆಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳಿರುವ ಚೀಟಿಯನ್ನು ಅಂಟಿಸುವ ಪದ್ಧತಿಯನ್ನು ಆರಂಭಿಸಿತು. ಆರಂಭದಲ್ಲಿ ಅದು ತಯಾರಕರ ಇಚ್ಛೆಗೆ ಬಿಟ್ಟದ್ದಾಗಿತ್ತು. 2010ರ ಜನವರಿಯಿಂದ ಫ್ರಾಸ್ಟ್-ಫ್ರೀ ಫ್ರಿಜ್ಜು, ಹವಾನಿಯಂತ್ರಕ, ಟ್ಯೂಬ್‌ಲೈಟು ಮೊದಲಾದವುಗಳಿಗೆ ಕಡ್ಡಾಯವಾಯಿತು. ನಮ್ಮ ಸೀಮೆಯ ಪ್ರತಿ ಮನೆಯಲ್ಲೂ ತಿರುಗುವ ಸೀಲಿಂಗ್ ಫ್ಯಾನಿಗೆ ಈ ನಿಯಮ ಬಂದದ್ದು ಮಾತ್ರ ಬಹಳ ತಡವಾಗಿ, 2023ರ ಜನವರಿಯಲ್ಲಿ.

ನಕ್ಷತ್ರವನ್ನು ಎಣಿಸುವುದು ಸುಲಭ, ಓದುವುದು ಅಷ್ಟು ಸುಲಭವಲ್ಲ. ಒಂದೇ ಜಾತಿಯ, ಒಂದೇ ಗಾತ್ರದ ಸಲಕರಣೆಗಳಲ್ಲಿ ಯಾವುದು ಮಿತವ್ಯಯಿ ಎಂಬುದನ್ನಷ್ಟೇ ಅದು ಹೇಳುತ್ತದೆ. ಐದು ನಕ್ಷತ್ರದ ದೊಡ್ಡ ಫ್ರಿಜ್ಜು ಮೂರು ನಕ್ಷತ್ರದ ಸಣ್ಣ ಫ್ರಿಜ್ಜಿಗಿಂತ ಹೆಚ್ಚು ವಿದ್ಯುತ್ತನ್ನು ಬಳಸಬಹುದು. ಆದ್ದರಿಂದ ಚೀಟಿಯಲ್ಲಿ ನಕ್ಷತ್ರಗಳೊಡನೆ ಮುದ್ರಿತವಾಗಿರುವ ವಾರ್ಷಿಕ ಯೂನಿಟ್‌ಗಳ ಸಂಖ್ಯೆಯೇ ಗೃಹಸ್ಥರಿಗೆ ನಿಜವಾದ ಅಳತೆ. ಅದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳ ಲೆಕ್ಕ ದೊರೆಯುತ್ತದೆ. ಹವಾನಿಯಂತ್ರಕದ ಚೀಟಿಯಲ್ಲಿರುವ ಸಂಖ್ಯೆಯು ವರ್ಷಕ್ಕೆ 1600 ಗಂಟೆಗಳ ಬಳಕೆಗೆ ಸಂಬಂಧಿಸಿದ್ದು. ನೀವು ಹೆಚ್ಚು ಹೊತ್ತು ಓಡಿಸಿದರೆ ಯೂನಿಟ್‌ಗಳೂ ಹೆಚ್ಚುತ್ತವೆ. ಇನ್ನು, ನಕ್ಷತ್ರದ ಮಾನದಂಡವೂ ಕಾಲಕಾಲಕ್ಕೆ ಬಿಗಿಯಾಗುತ್ತದೆ. 2022ರ ಜುಲೈನಲ್ಲಿ ಹವಾನಿಯಂತ್ರಕಗಳ ಮಾನದಂಡ ಬದಲಾದಾಗ ಹಿಂದಿನ ಐದು ನಕ್ಷತ್ರದವುಗಳಲ್ಲಿ ಅನೇಕವು ನಾಲ್ಕಕ್ಕೆ ಇಳಿದವು. ಬಳಸಿದ ಸಾಮಾನನ್ನು ಕೊಳ್ಳುವವರು ಚೀಟಿಯ ಮೇಲಿನ ವರ್ಷವನ್ನು ನೋಡದೆ ನಕ್ಷತ್ರವನ್ನು ನಂಬಬಾರದು.

ಇದು ಸಾಮಾನಿನ ಮಾತಾಯಿತು. ಮನೆಯ ಮಾತೇನು?

ಮನೆಗೆ ಶ್ರೇಣಿ ಕೊಡುವ ಪದ್ಧತಿ ಲೋಕದಲ್ಲಿ ಇಲ್ಲದೆ ಇಲ್ಲ. ಇಂಗ್ಲೆಂಡಿನಲ್ಲಿ ಪ್ರತಿ ಬಾಡಿಗೆ ಮನೆಗೂ ‘ಎ’ಯಿಂದ ‘ಜಿ’ವರೆಗಿನ ಒಂದು ಅಕ್ಷರವನ್ನು ನಮೂದಿಸಿದ ಪ್ರಮಾಣಪತ್ರವಿರಬೇಕು, ಹತ್ತು ವರ್ಷಗಳವರೆಗೆ ಅದು ಊರ್ಜಿತ. 2018ರ ಏಪ್ರಿಲ್‌ನಿಂದ ‘ಇ’ಗಿಂತ ಕೆಳಗಿನ ಶ್ರೇಣಿಯ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲವೆಂಬ ನಿಯಮ ಅಲ್ಲಿ ಜಾರಿಗೆ ಬಂದಿತು, ವಿನಾಯಿತಿಗಳು ಕೆಲವಿವೆ. ಫ್ರಾನ್ಸಿನಲ್ಲಿ 2025ರ ಆರಂಭದಿಂದ ಕಟ್ಟಕಡೆಯ ‘ಜಿ’ ಶ್ರೇಣಿಯ ಮನೆಗಳಿಗೆ ಹೊಸ ಬಾಡಿಗೆ ಕರಾರು ಮಾಡುವಂತಿಲ್ಲ. ಅಲ್ಲಿ ಚಳಿ ವೈರಿ, ಇಲ್ಲಿ ಬಿಸಿಲು ವೈರಿ, ಅಷ್ಟೇ ವ್ಯತ್ಯಾಸ. ಮನೆಯನ್ನು ಕಟ್ಟುವವನು ಒಬ್ಬ, ಅದರ ವಿದ್ಯುತ್ ಬಿಲ್ಲನ್ನು ಕಟ್ಟುವವನು ಇನ್ನೊಬ್ಬ ಎಂಬ ತೊಡಕು ಎರಡೂ ಕಡೆ ಒಂದೇ.

ನಮ್ಮ ದೇಶದಲ್ಲಿಯೂ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. 2018ರ ಡಿಸೆಂಬರ್ 14ರ ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನದಂದು ‘ಇಕೋ ನಿವಾಸ ಸಂಹಿತೆ’ಯು ಬಿಡುಗಡೆಯಾಯಿತು. ವಾಸದ ಮನೆಯ ಗೋಡೆ, ಕಿಟಕಿ, ಚಾವಣಿಗಳು ಎಷ್ಟು ಕಾವನ್ನು ಒಳಗೆ ಬಿಡಬಹುದೆಂಬುದಕ್ಕೆ ಅದು ಮಿತಿಯನ್ನು ಹೇಳುತ್ತದೆ. 2019ರಲ್ಲಿ ಮನೆಗಳಿಗೂ ಒಂದರಿಂದ ಐದು ನಕ್ಷತ್ರ ಕೊಡುವ ಯೋಜನೆ ಆರಂಭವಾಯಿತು. ಒಂದು ಚದರ ಮೀಟರ್ ವಿಸ್ತೀರ್ಣಕ್ಕೆ ವರ್ಷಕ್ಕೆ ಎಷ್ಟು ಯೂನಿಟ್ ಬೇಕಾಗುತ್ತದೆಂಬುದೇ ಅದರ ಅಳತೆಗೋಲು. ಆದರೆ ಈ ನಕ್ಷತ್ರವು ಒಡೆಯನ ಇಚ್ಛೆಗೆ ಬಿಟ್ಟದ್ದು. 2022ರಲ್ಲಿ ತಿದ್ದುಪಡಿಯಾದ ಕಾಯ್ದೆಯು ವಾಸದ ಕಟ್ಟಡಗಳನ್ನೂ ಒಳಗೊಂಡಿತಾದರೂ, ಅದು ನೂರು ಕಿಲೋವಾಟ್ ಹಾಗೂ ಅದಕ್ಕೆ ಮೇಲ್ಪಟ್ಟ ವಿದ್ಯುತ್ ಹೊರೆಯ ದೊಡ್ಡ ಸಮುಚ್ಚಯಗಳನ್ನು ಉದ್ದೇಶಿಸಿದ್ದು. ಒಂದೆರಡು ಕಿಲೋವಾಟಿನ ನಮ್ಮ ಮನೆಗಳಿಗೆ ಅದರ ಗಾಳಿಯೂ ತಾಕುವುದಿಲ್ಲ. ನಾವು ಈ ಮೂರು ಊರುಗಳಲ್ಲಿ ಕಂಡ ಬಾಡಿಗೆ ಮನೆಗಳಲ್ಲಿ ಯಾವುದರ ಬಾಗಿಲಿನ ಮೇಲೂ ನಕ್ಷತ್ರವಿರಲಿಲ್ಲ.

ಹಾಗೆಂದು ಸಂಹಿತೆಯನ್ನು ಬದಿಗಿರಿಸಬೇಕಾಗಿಲ್ಲ. ಅದರೊಳಗಿನ ಒಂದು ಸಂಖ್ಯೆ ನಮ್ಮ ಕಣ್ಣು ತೆರೆಯಿಸಿತು. ಚಾವಣಿಯ ಹೊರಗೂ ಒಳಗೂ ಒಂದು ಡಿಗ್ರಿ ಅಂತರವಿದ್ದಾಗ ಒಂದು ಚದರ ಮೀಟರಿನ ಮೂಲಕ ಇಳಿಯುವ ಕಾವು 1.2 ವಾಟನ್ನು ಮೀರಬಾರದೆಂದು ಅದು ಹೇಳುತ್ತದೆ. ಯಾವ ಹೊದಿಕೆಯೂ ಇಲ್ಲದ ಬರಿಯ ಆರ್‌ಸಿಸಿ ಚಾವಣಿಯಲ್ಲಿ ಇದರ ಮೂರರಷ್ಟು ಇಳಿಯುತ್ತದೆ. ನಮ್ಮ ಕೊಠಡಿಯನ್ನೇ ತೆಗೆದುಕೊಳ್ಳೋಣ. ಹತ್ತು ಅಡಿಗೆ ಹನ್ನೆರಡು ಅಡಿ, ಎಂದರೆ ಸುಮಾರು ಹನ್ನೊಂದು ಚದರ ಮೀಟರ್. ಬಿಸಿಲಿಗೆ ಕಾದ ಚಾವಣಿಗೂ ಒಳಗಿನ ಗಾಳಿಗೂ 25 ಡಿಗ್ರಿ ಅಂತರವೆಂದು ಹಿಡಿದರೆ ಸುಮಾರು ಸಾವಿರ ವಾಟ್ ಕಾವು ತಲೆಯ ಮೇಲೆ ಸುರಿಯುತ್ತಿರುತ್ತದೆ. ಚಳಿನಾಡಿನವರು ಮನೆ ಬೆಚ್ಚಗಾಗಲೆಂದು ಉರಿಸುವ ಒಂದು ಹೀಟರನ್ನು ನಾವು ವೈಶಾಖದ ಮಧ್ಯಾಹ್ನ ಬಾಡಿಗೆದಾರರ ನೆತ್ತಿಯ ಮೇಲೆ ತೂಗುಹಾಕಿದಂತಾಯಿತು. ಸಂಹಿತೆಯ ಮಿತಿಯಲ್ಲಿದ್ದರೆ ಅದು 330 ವಾಟಿಗೆ ಇಳಿಯುತ್ತಿತ್ತು. ಫ್ಯಾನು ಗಾಳಿಯನ್ನು ತಿರುಗಿಸಬಲ್ಲುದೇ ಹೊರತು ತಂಪಾಗಿಸಲಾರದು. ಬಿಸಿಲು ಇಳಿದ ಮೇಲೂ ಕಾಂಕ್ರೀಟು ತಾನು ಕುಡಿದ ಕಾವನ್ನು ಹಲವು ಗಂಟೆಗಳವರೆಗೆ ಕಕ್ಕುತ್ತಿರುತ್ತದೆ. ಶಿಕ್ಷಕಿ ಹೇಳಿದ ರಾತ್ರಿ ಹತ್ತರ ಲೆಕ್ಕ ಸರಿಯಾಗಿಯೇ ಇತ್ತು.

ಇದೇ ಸಂದರ್ಭದಲ್ಲಿ ಕಾರ್ಯನಿಮಿತ್ತ ಮಸ್ಕಿಗೆ ಹೋಗಿ ಬಂಧುಗಳ ಹಳೆಯ ಮನೆಯಲ್ಲಿ ಒಂದು ಹಗಲು ಕಳೆದೆವು. 1915ರಲ್ಲಿ ಅಶೋಕನ ಶಾಸನ ದೊರೆತ ಬೆಟ್ಟದ ಊರದು. ಬೇಸಿಗೆಯಲ್ಲಿ ಆ ಬಂಡೆಗಳ ಕಾವು ಬೀದಿಗೆಲ್ಲ ತಾಕುತ್ತದೆ. ಆದರೆ ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮರದ ತೊಲೆಗಳ ಮೇಲೆ ಮೊಳದಷ್ಟು ಮಣ್ಣು ಹೊತ್ತ ಮಾಳಿಗೆ, ನೆತ್ತಿಯ ಮೇಲೊಂದು ಬೆಳಕಿಂಡಿ ಇರುವ ಆ ಪಡಸಾಲೆಯಲ್ಲಿ ನಡುಮಧ್ಯಾಹ್ನ ಫ್ಯಾನಿಲ್ಲದೆ ಕುಳಿತು ಊಟಮಾಡಿದೆವು. ಮಣ್ಣು ಕಾವನ್ನು ಹೀರಿಕೊಂಡು ಒಳಗೆ ಬಿಡಲು ಇರುಳಾಗುತ್ತದೆ. ಅಷ್ಟರಲ್ಲಿ ಮನೆಯವರೆಲ್ಲ ಹಾಸಿಗೆ ಸುತ್ತಿಕೊಂಡು ಮಾಳಿಗೆಯ ಮೇಲೇರಿರುತ್ತಿದ್ದರು. ಹಿರಿಯರ ಮನೆಯೂ ಅವರ ನಿದ್ರೆಯ ರೂಢಿಯೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಹಳೆಯದೆಲ್ಲ ಸುಖವೆಂದು ನಾವು ಹೇಳುವುದಿಲ್ಲ. ಮಳೆಗಾಲದ ಸೋರಿಕೆ, ಇಲಿಗಳ ಕಾಟ, ವರ್ಷವರ್ಷವೂ ಮಾಳಿಗೆಗೆ ಮಣ್ಣು ಹೊರುವ ಕಷ್ಟ, ಇವುಗಳನ್ನು ಕಂಡವರು ಯಾರೂ ಮತ್ತೆ ಮಣ್ಣಿನ ಮಾಳಿಗೆ ಹಾಕಿಸರು. ಅದೇ ಮನೆಯವರು ಮಸ್ಕಿ ತಾಲ್ಲೂಕು ಕೇಂದ್ರವಾದ ಮೇಲೆ ಬಾಡಿಗೆಗೆಂದು ಹಿತ್ತಲಲ್ಲಿ ತಗಡಿನ ಚಾವಣಿಯ ಎರಡು ಕೊಠಡಿಗಳನ್ನು ಎಬ್ಬಿಸಿದ್ದಾರೆ. ಅಲ್ಲಿರುವ ದಂಪತಿಗಳು ಮಧ್ಯಾಹ್ನವೆಲ್ಲ ಬೇವಿನ ಮರದ ಕೆಳಗೆ ಕುಳಿತಿದ್ದುದನ್ನು ನಾವು ಕಂಡೆವು. ಮಾಲೀಕರಿಗೆ ಎರಡಡಿ ಗೋಡೆ, ಬಾಡಿಗೆದಾರರಿಗೆ ತಗಡು. ಊಟಮಾಡಿದ ಮನೆಯಲ್ಲಿ ಈ ಮಾತನ್ನು ಆಡಲಾರದೆ ಬಂದೆವು.

ವಿದ್ಯುತ್ತು ಈಗ ಉಚಿತವಲ್ಲವೆ, ಈ ಲೆಕ್ಕವೇಕೆ ಎಂದು ಕೆಲವರು ಕೇಳಬಹುದು. ಇಲ್ಲಿಯೇ ಒಂದು ಸೂಕ್ಷ್ಮವಿದೆ. 2023ರಲ್ಲಿ ರಾಜ್ಯ ಸರ್ಕಾರವು ಆರಂಭಿಸಿದ ಗೃಹಜ್ಯೋತಿ ಯೋಜನೆಯು ಎಲ್ಲರಿಗೂ 200 ಯೂನಿಟ್ ಕೊಡುವಂಥದಲ್ಲ. ಆ ಮನೆಯ 2022–23ರ ತಿಂಗಳ ಸರಾಸರಿ ಬಳಕೆಗೆ ಶೇಕಡಾ 10ರಷ್ಟನ್ನು ಸೇರಿಸಿ ಅರ್ಹತೆಯನ್ನು ಗೊತ್ತುಪಡಿಸಲಾಯಿತು. ಅರ್ಹತೆಯನ್ನು ಮೀರಿದರೆ ಹೆಚ್ಚಿನ ಯೂನಿಟ್‌ಗಳಿಗೆ ಹಣ, 200ನ್ನು ಮೀರಿದರೆ ಪೂರ್ತಿ ಬಿಲ್ಲು. ಹಿಂದಿನ ಬಳಕೆಯ ದಾಖಲೆಯಿಲ್ಲದ ಹೊಸ ಮನೆ, ಹೊಸ ಬಾಡಿಗೆದಾರರಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗಳಿಗೆ ಶೇಕಡಾ 10 ಸೇರಿಸಿ 58 ಯೂನಿಟ್ ಎಂದು ಆಗ ನಿಗದಿಪಡಿಸಿದರು. ಆ ಸರಾಸರಿಗೆ ರಾಯಚೂರು ಸೀಮೆಯ ವೈಶಾಖ ಗೊತ್ತಿಲ್ಲ.

ನಮ್ಮ ಮೇಲಿನ ಮನೆಯ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದೆವು. 75 ವಾಟಿನ ಹಳೆಯ ಫ್ಯಾನು ದಿನಕ್ಕೆ ಹದಿನಾರು ಗಂಟೆ ತಿರುಗಿದರೆ ತಿಂಗಳಿಗೆ 36 ಯೂನಿಟ್; ಎರಡಕ್ಕೆ 72. ದೀಪ, ಟಿವಿಗಳಿಗೆ 10, ಸಣ್ಣ ಫ್ರಿಜ್ಜಿಗೆ 20 ಎಂದು ಹಿಡಿದರೆ ಒಟ್ಟು 102. 58 ಯೂನಿಟಿನ ಅರ್ಹತೆಯವರಿಗೆ 44 ಯೂನಿಟ್ ಹೊರೆ. ಫ್ಯಾನುಗಳೇ ಅರ್ಹತೆಯನ್ನು ನುಂಗಿ ಮುಗಿಸಿರುತ್ತವೆ. ಈಗ ಬಂದಿರುವ ಬಿಎಲ್‌ಡಿಸಿ ಮೋಟಾರಿನ ಐದು ನಕ್ಷತ್ರದ ಫ್ಯಾನು ಸುಮಾರು 30 ವಾಟಿನಲ್ಲಿ ಅಷ್ಟೇ ಗಾಳಿ ಬೀಸುತ್ತದೆ. ಅಂಥವು ಎರಡಿದ್ದರೆ ಅದೇ ಹದಿನಾರು ಗಂಟೆಗೆ 29 ಯೂನಿಟ್ ಸಾಕು. ಒಟ್ಟು ಲೆಕ್ಕ 59ಕ್ಕೆ ಬಂದು ನಿಲ್ಲುತ್ತದೆ. ಫ್ಯಾನುಗಳನ್ನು ತೂಗುಹಾಕಿದವರು ನಾವು, ಹಣ ತೆತ್ತವರು ಅವರು.

ಇನ್ನೊಂದು ಅನ್ಯಾಯವನ್ನು ಹೇಳದೆ ಇರಲಾಗದು. ಕೆಲವೆಡೆ ನಾಲ್ಕು ಕುಟುಂಬಗಳಿಗೆ ಒಂದೇ ಮೀಟರನ್ನು ಇಟ್ಟು, ಒಡೆಯರೇ ಒಳಮೀಟರು ನೋಡಿ ಯೂನಿಟಿಗೆ ಇಷ್ಟೆಂದು ವಸೂಲು ಮಾಡುತ್ತಾರೆ. ಮೇಲಿನ ಲೆಕ್ಕದಂತೆ ನಾಲ್ಕು ಸಂಸಾರಗಳು ಸೇರಿದರೆ ಹದಿನೈದು ದಿನಗಳಲ್ಲಿಯೇ 200ರ ಗಡಿ ದಾಟುತ್ತದೆ. ಆಗ ಗೃಹಜ್ಯೋತಿ ಯಾರಿಗೂ ಇಲ್ಲ. ಪ್ರತ್ಯೇಕ ಆರ್‌ಆರ್ ಸಂಖ್ಯೆಯ ಮೀಟರ್ ಇದೆಯೇ ಎಂಬುದು ಬಾಡಿಗೆ ಕೇಳುವವರು ಕೇಳಬೇಕಾದ ಮೊದಲನೆಯ ಪ್ರಶ್ನೆ. ಮನೆ ಬಿಟ್ಟು ಹೋಗುವವರು ಆ ಸಂಖ್ಯೆಯೊಡನೆ ಜೋಡಿಸಿದ ತಮ್ಮ ಆಧಾರನ್ನು ಬಿಡಿಸಿಕೊಳ್ಳುವ ಅವಕಾಶವು 2024ರಲ್ಲಿ ಬಂದಿದೆ. ಅದನ್ನು ಮರೆತರೆ ಮುಂದೆ ಬರುವವರಿಗೆ ತೊಡಕಾಗುತ್ತದೆ.

ಇನ್ನು, ಉಚಿತವೆಂದರೆ ಯಾರೂ ತೆರುವುದಿಲ್ಲವೆಂದಲ್ಲ. ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. 1720 ಮೆಗಾವಾಟಿನ ಆ ಸ್ಥಾವರದ ಹೊಗೆ, ಹಾರುಬೂದಿಗಳ ಸುದ್ದಿ ನಮ್ಮ ಓದುಗರಿಗೆ ಹೊಸದಲ್ಲ.

ನಕ್ಷತ್ರದ ಚೀಟಿಯಿಲ್ಲದ ಮನೆಯನ್ನು ಓದುವುದು ಹೇಗೆ? ಲಿಂಗಸುಗೂರಿಗೆ ನೌಕರಿಯ ಮೇಲೆ ಬಂದ ನಮ್ಮ ಸೋದರಳಿಯನಿಗೆ ಮನೆ ಹುಡುಕುವ ಪ್ರಸಂಗ ಒದಗಿದಾಗ ಇದನ್ನೇ ಪರೀಕ್ಷಿಸಿ ನೋಡಿದೆವು. ಮನೆ ತೋರಿಸುವವರು ಸಾಮಾನ್ಯವಾಗಿ ಬೆಳಗಿನ ತಂಪಿನಲ್ಲಿ ಕರೆಯುತ್ತಾರೆ. ನಾವು ಸಂಜೆ ಏಳರ ನಂತರ ಬರುತ್ತೇವೆಂದೆವು. ಒಳಗೆ ಹೋದೊಡನೆ ಪಡುವಣ ಗೋಡೆಗೆ ಅಂಗೈ ಇಟ್ಟೆವು, ಅಟ್ಟದ ಮೇಲೆ ಹತ್ತಿ ಚಾವಣಿಯನ್ನು ಮುಟ್ಟಿದೆವು. ಮೊದಲ ಮನೆಯಲ್ಲಿ ಕೈಯಿಡಲಾಗಲಿಲ್ಲ. ಎರಡನೆಯದು ಮೂರಂತಸ್ತಿನ ಕಟ್ಟಡದ ನಡುವಿನ ಅಂತಸ್ತು. ಮೇಲೆ ಇನ್ನೊಂದು ಮನೆಯಿರುವುದರಿಂದ ಚಾವಣಿಗೆ ಬಿಸಿಲೇ ತಾಕುವುದಿಲ್ಲ. ಬಾಡಿಗೆ ಐದುನೂರು ಹೆಚ್ಚಾದರೂ ಅದೇ ಲೇಸೆಂದು ತೋರಿತು.

ಆಮೇಲೆ ಕಿಟಕಿಯ ಸರದಿ. ಉಷ್ಣಶುಷ್ಕ ಪ್ರದೇಶದಲ್ಲಿ ನೆಲದ ಹತ್ತರಲ್ಲೊಂದು ಪಾಲು, ಉಷ್ಣಆರ್ದ್ರ ಪ್ರದೇಶದಲ್ಲಿ ಆರರಲ್ಲೊಂದು ಪಾಲು ತೆರೆಯುವ ಕಿಂಡಿಗಳಿರಬೇಕೆಂದು ಸಂಹಿತೆ ಹೇಳುತ್ತದೆ. 120 ಚದರಡಿಯ ಕೊಠಡಿಗೆ ಕನಿಷ್ಠ 12 ಚದರಡಿ. ಮೂರಡಿಗೆ ನಾಲ್ಕಡಿಯ ಕಿಟಕಿ ಸಾಕೆಂದು ತೋರುತ್ತದೆ. ಆದರೆ ಈಗಿನ ಸರಿಯುವ ಗಾಜಿನ ಕಿಟಕಿಗಳು ತೆರೆಯುವುದು ಅರ್ಧವಷ್ಟೇ. ಆರು ಚದರಡಿ ನಷ್ಟವಾಯಿತು. ಎದುರು ಗೋಡೆಯಲ್ಲಿ ಇನ್ನೊಂದು ಕಿಂಡಿಯಿಲ್ಲದಿದ್ದರೆ ಗಾಳಿ ಬಂದ ದಾರಿಯಲ್ಲಿಯೇ ನಿಲ್ಲುತ್ತದೆ. ಕೂಲರನ್ನು ನೆಚ್ಚಿಕೊಂಡವರಿಗೂ ಇದು ಅಗತ್ಯ. ಬೇಸಿಗೆಯ ಒಣಹವೆಯಲ್ಲಿ ಕೂಲರು ಕಡಿಮೆ ಖರ್ಚಿನಲ್ಲಿ ತಂಪು ಕೊಡುವುದು ನಿಜ, ಆದರೆ ಒದ್ದೆಗಾಳಿ ಹೊರಹೋಗಲು ಎದುರಿಗೊಂದು ಬಾಯಿ ಬೇಕು. ಕಾಲುವೆ ನಿಂತು ನಲ್ಲಿಯ ನೀರಿಗೇ ಕಾಯುವ ದಿನಗಳಲ್ಲಿ ಕೂಲರಿಗೆ ನೀರೆಲ್ಲಿಂದ ಎಂಬುದನ್ನು ಸಿಂಧನೂರಿನವರಿಗೆ ನಾವು ಹೇಳಬೇಕಾಗಿಲ್ಲ. ಕೊನೆಗೆ ಒಡೆಯರನ್ನು ಹಿಂದಿನ ವರ್ಷದ ಏಪ್ರಿಲ್, ಮೇ ತಿಂಗಳ ಜೆಸ್ಕಾಂ ಬಿಲ್ಲುಗಳನ್ನು ತೋರಿಸುವಂತೆ ಕೇಳಿದೆವು. ಹಣವನ್ನಲ್ಲ, ಯೂನಿಟನ್ನು ಓದಬೇಕು. ಚೀಟಿಯಿಲ್ಲದ ಮನೆಯ ನಕ್ಷತ್ರ ಆ ಬಿಲ್ಲಿನಲ್ಲಿಯೇ ಇದೆ. ಒಡೆಯರು ಮೊದಲು ಮುಖ ಗಂಟಿಕ್ಕಿದರು, ಆಮೇಲೆ ತಂದು ತೋರಿಸಿದರು.

ಇಷ್ಟನ್ನೆಲ್ಲ ಪರರ ಮನೆಯಲ್ಲಿ ಪರೀಕ್ಷಿಸಿದ ಮೇಲೆ ನಮ್ಮ ಮನೆಯನ್ನು ಹಾಗೆಯೇ ಬಿಡುವುದು ನಾಚಿಕೆಯ ವಿಷಯವಾಗಿತ್ತು. ಮೇಸ್ತ್ರಿಯನ್ನು ಕರೆಯಿಸಿ ಕೇಳಿದೆವು. ಇಟ್ಟಿಗೆಯ ಚೂರು, ಸುಣ್ಣಗಾರೆ ಹಾಕಿ ಮೇಲೆ ಒಡೆದ ಬಿಳಿಯ ಹಾಸುಬಿಲ್ಲೆ ಕೂರಿಸುವುದು ಉತ್ತಮವೆಂದರು. ಸೋರಿಕೆಗೂ ಅದು ಮದ್ದು. ಖರ್ಚು ನಮ್ಮ ಕೈಮೀರಿದ್ದುದರಿಂದ ಆ ವರ್ಷ ಬರಿಯ ಸುಣ್ಣ ಬಳಿಸಿದೆವು. ಚಾವಣಿಯನ್ನು ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಪದರ ಬಳಿಯುವುದು ಒಂದೇ ದಿನದ ಕೆಲಸ. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆಸೆಯುತ್ತದೆ ಎಂಬುದಷ್ಟೇ ಇದರ ತಂತ್ರ. ನೆರೆಯ ತೆಲಂಗಾಣ ಸರ್ಕಾರವು 2023ರಲ್ಲಿ ಇಂಥ ತಂಪು ಚಾವಣಿಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಪಡುವಣ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿಸಿದೆವು; ಒಳಗಿನ ಪರದೆ ಬಿಸಿಲನ್ನು ತಡೆಯುವ ವೇಳೆಗೆ ಕಾವು ಗಾಜನ್ನು ದಾಟಿ ಬಂದಿರುತ್ತದೆ. ಎರಡು ಹಳೆಯ ಫ್ಯಾನುಗಳನ್ನು ಬಿಚ್ಚಿಸಿ ಹೊಸವನ್ನು ಹಾಕಿಸಿದೆವು. ಒಂದಕ್ಕೆ ಮೂರು ಸಾವಿರದ ಆಸುಪಾಸು ಬೆಲೆ.

ಈ ಖರ್ಚನ್ನು ಯಾರು ಹೊರಬೇಕೆಂಬ ಚರ್ಚೆ ಮನೆಯಲ್ಲಿ ನಡೆಯದಿರಲಿಲ್ಲ. ಲಾಭ ಅವರಿಗೆ, ವೆಚ್ಚ ನಮಗೇಕೆ ಎಂದು ಮಗ ಕೇಳಿದ. ಪ್ರತಿ ವರ್ಷ ಬೇಸಿಗೆಯಲ್ಲಿ ಮನೆ ಖಾಲಿಯಾಗಿ ಎರಡು ತಿಂಗಳ ಬಾಡಿಗೆ ಹೋಗುತ್ತಿದ್ದುದನ್ನು ಲೆಕ್ಕಕ್ಕೆ ತಂದಾಗ ಅವನು ಸುಮ್ಮನಾದ. ಹೊಸ ಕರಾರಿನಲ್ಲಿ ಎರಡು ಸಾಲುಗಳನ್ನು ಸೇರಿಸಿದ್ದೇವೆ. ಚಾವಣಿಯ ಸುಣ್ಣ, ಫ್ಯಾನು, ಮೀಟರು ಒಡೆಯರ ಹೊಣೆ. ಉಳಿದ ಸಲಕರಣೆಗಳು ಬಾಡಿಗೆದಾರರವು. ಕರಾರಿನೊಡನೆ ಹಿಂದಿನ ಹನ್ನೆರಡು ತಿಂಗಳ ಯೂನಿಟ್‌ಗಳ ಒಂದು ಪಟ್ಟಿಯನ್ನೂ ಕೊಟ್ಟೆವು.

ಚಾವಣಿ ಈಗಲೂ ಬೆಚ್ಚಗಾಗುತ್ತದೆ, ಆದರೆ ರಾತ್ರಿ ಅಂಗೈ ಇಟ್ಟರೆ ಹಿಂದಿನಂತೆ ಸುಡುವುದಿಲ್ಲ. ಈಗ ಅಲ್ಲಿರುವ ಕುಟುಂಬವು ಕಳೆದ ವೈಶಾಖವನ್ನು ಅಲ್ಲಿಯೇ ಕಳೆಯಿತು. ಅದು ಅವರ ಎರಡನೆಯ ಬೇಸಿಗೆ. ಮಳೆಗೆ ಸುಣ್ಣ ಅರ್ಧದಷ್ಟು ತೊಳೆದುಹೋಗಿದೆ. ಶಿವರಾತ್ರಿ ಕಳೆಯುತ್ತಲೇ ಮತ್ತೆ ಬಳಿಸಬೇಕು.